ಜಲವರ್ಣದಿಂದ ಆಕ್ರಿಲಿಕ್ಕಿಗೆ: ಹವ್ಯಾಸಿ ಚಿತ್ರಕಾರರ ಮಾಧ್ಯಮಾಂತರವನ್ನು ಕುರಿತು

1. ಪೀಠಿಕೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಬಣ್ಣ ಕುಂಚಗಳ ವಿಚಾರಕ್ಕೆ ಎಡೆಯೇಕೆಂದು ಓದುಗರಲ್ಲಿ ಕೆಲವರು ಕೇಳಬಹುದು. ಶಾಸನವನ್ನು ಓದುವವನು ಅಕ್ಷರಗಳೊಡನೆ ಕಲ್ಲಿನ ಜಾತಿಯನ್ನೂ ಗಮನಿಸುತ್ತಾನೆ. ಓಲೆಯ ಪ್ರತಿಯನ್ನು ಪರೀಕ್ಷಿಸುವವನು ಓಲೆ, ಕಂಟ, ಮಸಿಗಳ ಗುಣವನ್ನು ಅರಿತಿರುತ್ತಾನೆ. ಚಿತ್ರವನ್ನು ಆಧಾರವಾಗಿ ಇಟ್ಟುಕೊಳ್ಳುವವನಿಗೂ ಅದೇ ನಿಯಮ. ಅದು ಯಾವ ದ್ರವ್ಯದಿಂದ ಆದುದು, ಆ ದ್ರವ್ಯ ಎಂದು ಬಳಕೆಗೆ ಬಂದಿತು, ಅದು ಚಿತ್ರಕಾರನ ಕೈಯನ್ನು ಯಾವ ಕಟ್ಟುಪಾಡಿಗೆ ಒಳಪಡಿಸಿತು ಎಂಬುದನ್ನು ತಿಳಿಯದಿದ್ದರೆ ಚಿತ್ರವನ್ನು ಅರ್ಧದಷ್ಟೇ ಓದಿದಂತಾಗುತ್ತದೆ.

ಈ ಲೇಖನಕ್ಕೆ ಇನ್ನೊಂದು ಪ್ರೇರಣೆಯೂ ಉಂಟು. ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವವರು ಅನೇಕರಿದ್ದಾರೆ. ಇವರಲ್ಲಿ ಬಹುಮಂದಿ ಶಾಲೆಯ ದಿನಗಳಲ್ಲಿಯೇ ಜಲವರ್ಣದ ಪೆಟ್ಟಿಗೆಯಿಂದ ಆರಂಭಿಸಿದವರು. ಕೆಲವು ವರ್ಷಗಳ ಅಭ್ಯಾಸವಾದ ಮೇಲೆ ಇವರಲ್ಲಿ ಹಲವರು ಆಕ್ರಿಲಿಕ್ ಬಣ್ಣಗಳ ಕಡೆಗೆ ತಿರುಗುತ್ತಾರೆ. ಅದೂ ನೀರಿನಲ್ಲಿ ಕಲಸುವ ಬಣ್ಣವೇ ಆದುದರಿಂದ ಪಳಗಿದ ಕೈಗೆ ಸುಲಭವಾಗಿ ಒಲಿಯುವುದೆಂದು ನಂಬಿರುತ್ತಾರೆ. ಆದರೆ ಮೊದಲ ನಾಲ್ಕಾರು ಚಿತ್ರಗಳಲ್ಲಿಯೇ ಬಣ್ಣ ಕೆಸರಾಗುತ್ತದೆ, ಕುಂಚ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಆಕಾಶದ ನಡುವೆ ಬೇಡದ ಗೆರೆಗಳು ಮೂಡುತ್ತವೆ. ತಮ್ಮ ಕೈಯ ಶಕ್ತಿ ಇಷ್ಟೇ ಎಂದು ಬಗೆದು ಚಿತ್ರಾಭ್ಯಾಸವನ್ನೇ ತೊರೆಯುವವರೂ ಉಂಟು. ಈ ತೀರ್ಮಾನ ನಮಗೆ ಸಮ್ಮತವಲ್ಲ. ಎರಡು ಬಣ್ಣಗಳಲ್ಲಿಯೂ ನೀರು ಸಮಾನವಾಗಿದ್ದರೂ ಅಂಟು ಬೇರೆಯಾಗಿದೆ. ಆ ಒಂದು ವ್ಯತ್ಯಾಸದಿಂದಲೇ ಉಳಿದ ವ್ಯತ್ಯಾಸಗಳೆಲ್ಲ ಹುಟ್ಟುತ್ತವೆ. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ವರ್ಣದ್ರವ್ಯ ಮತ್ತು ಬಂಧಕ

ಯಾವ ಬಣ್ಣದಲ್ಲಿಯೂ ಮುಖ್ಯವಾಗಿ ಎರಡು ಅಂಗಗಳಿರುತ್ತವೆ. ಒಂದು, ಬಣ್ಣವನ್ನು ಕೊಡುವ ನುಣ್ಣನೆಯ ಪುಡಿ, ಇದನ್ನು ವರ್ಣದ್ರವ್ಯವೆನ್ನುತ್ತೇವೆ. ಎರಡು, ಆ ಪುಡಿಯನ್ನು ಕಾಗದಕ್ಕೋ ಬಟ್ಟೆಗೋ ಗೋಡೆಗೋ ಕಚ್ಚಿಸುವ ಅಂಟು, ಇದು ಬಂಧಕ. ವರ್ಣದ್ರವ್ಯಗಳು ಬಹುಮಟ್ಟಿಗೆ ಎಲ್ಲ ಮಾಧ್ಯಮಗಳಿಗೂ ಸಮಾನವಾದುವು. 1828ರ ಸುಮಾರಿಗೆ ಫ್ರಾನ್ಸಿನಲ್ಲಿ ಗಿಮೆ ಎಂಬಾತನು ಕೃತಕವಾಗಿ ತಯಾರಿಸಿದ ಅಲ್ಟ್ರಾಮರೀನ್ ನೀಲಿಯು ಜಲವರ್ಣದ ಬಿಲ್ಲೆಯಲ್ಲಿಯೂ ಇದೆ, ತೈಲವರ್ಣದ ಕೊಳವೆಯಲ್ಲಿಯೂ ಇದೆ, ಆಕ್ರಿಲಿಕ್ಕಿನಲ್ಲಿಯೂ ಇದೆ. ಮಾಧ್ಯಮಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವುದು ಬಂಧಕ.

ಜಲವರ್ಣದ ಬಂಧಕ ಅರಬ್ಬಿ ಗೋಂದು. ಆಫ್ರಿಕದ ಸೂಡಾನ್ ಮೊದಲಾದ ಪ್ರದೇಶಗಳಲ್ಲಿ ಬೆಳೆಯುವ ಜಾಲಿಯ ಜಾತಿಯ ಮರಗಳಿಂದ ಇದು ಒಸರುತ್ತದೆ. ನೀರು ಆರಿದಾಗ ಗಟ್ಟಿಯಾಗುತ್ತದೆ. ಮತ್ತೆ ನೀರು ತಾಗಿದರೆ ಕರಗುತ್ತದೆ. ಹತ್ತು ವರ್ಷ ಒಣಗಿ ಬಿದ್ದಿದ್ದ ಬಿಲ್ಲೆಯೂ ಒದ್ದೆ ಕುಂಚ ಸೋಕಿದೊಡನೆ ಬಣ್ಣ ಬಿಡುವುದು ಇದರಿಂದಲೇ.

ಆಕ್ರಿಲಿಕ್ಕಿನ ಬಂಧಕ ಒಂದು ಕೃತಕ ರಾಳ. ಅದು ನೀರಿನಲ್ಲಿ ಕರಗಿರುವುದಿಲ್ಲ. ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆ ಅತಿಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ನೀರು ಆರಿದಂತೆಲ್ಲ ಈ ಕಣಗಳು ಒತ್ತೊತ್ತಾಗಿ ಸೇರಿ, ಒಂದಕ್ಕೊಂದು ಬೆಸೆದು, ಅಖಂಡವಾದ ಪೊರೆಯಾಗುತ್ತವೆ. ಮೊಸರಾದುದು ಮತ್ತೆ ಹಾಲಾಗದಂತೆ ಪೊರೆಯಾದುದು ಮತ್ತೆ ಕಣಗಳಾಗುವುದಿಲ್ಲ. ಎಷ್ಟು ನೀರು ಹೊಯ್ದರೂ ಒಣಗಿದ ಆಕ್ರಿಲಿಕ್ ಕರಗದು. ಜಲವರ್ಣದಲ್ಲಿ ನೀರು ಬಣ್ಣವನ್ನು ಹೊತ್ತೊಯ್ಯುವುದಲ್ಲದೆ ಮರಳಿ ಎಬ್ಬಿಸಲೂ ಬಲ್ಲದು. ಆಕ್ರಿಲಿಕ್ಕಿನಲ್ಲಿ ಅದಕ್ಕೆ ಮೊದಲನೆಯ ಕೆಲಸ ಮಾತ್ರ ಉಳಿದಿದೆ.

3. ಜಲವರ್ಣವು ಹವ್ಯಾಸಿಗಳ ಕೈಗೆ ಬಂದ ಬಗೆ

ಗೋಂದಿನಲ್ಲಿ ಬಣ್ಣ ಕಲಸುವ ಪದ್ಧತಿ ಬಹು ಪುರಾತನವಾದುದು. ಆದರೆ ಇಂದು ಶಾಲೆಗಳಲ್ಲಿ ಕಲಿಸುವ ಪಾರದರ್ಶಕ ಜಲವರ್ಣ, ಅಂದರೆ ಕಾಗದದ ಬಿಳುಪೇ ಬೆಳಕಾಗಿ ಉಳಿಯುವ ರೀತಿ, ಮುಖ್ಯವಾಗಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಢಿಗೆ ಬಂದುದು. ಅಲ್ಲಿ ಅದು ವೃತ್ತಿಯ ಚಿತ್ರಕಾರರಿಗೆ ಎಷ್ಟು ಪ್ರಿಯವಾಯಿತೋ ಹವ್ಯಾಸಿಗಳಿಗೂ ಅಷ್ಟೇ ಪ್ರಿಯವಾಯಿತು. 1781ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು ರೀವ್ಸ್ ಸೋದರರಿಗೆ ಅವರ ಸುಧಾರಿಸಿದ ಜಲವರ್ಣದ ಬಿಲ್ಲೆಗಳಿಗಾಗಿ ಪಾರಿತೋಷಕವನ್ನು ನೀಡಿತು. 1832ರಲ್ಲಿ ಸ್ಥಾಪಿತವಾದ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ಮೆತ್ತಗಿನ ಬಿಲ್ಲೆಗಳನ್ನು ಮಾರುಕಟ್ಟೆಗೆ ತಂದಿತು. ಬಣ್ಣವನ್ನು ತಾನೇ ಅರೆದು ಕಲಸುವ ಶ್ರಮ ತಪ್ಪಿದ ಮೇಲೆ, ಜೇಬಿನಲ್ಲಿಟ್ಟುಕೊಳ್ಳಬಹುದಾದ ಪೆಟ್ಟಿಗೆಯೊಡನೆ ಯಾರಾದರೂ ಬಯಲಿಗೆ ಹೊರಡಬಹುದಾಯಿತು.

ಈ ಅನುಕೂಲವು ಸೈನ್ಯಕ್ಕೂ ಉಪಯೋಗಕ್ಕೆ ಬಂದಿತು. ವೂಲಿಚ್‌ನ ಸೈನಿಕ ವಿದ್ಯಾಲಯದಲ್ಲಿ 1768ರಿಂದ ಪಾಲ್ ಸ್ಯಾಂಡ್ಬಿ ಎಂಬ ಪ್ರಸಿದ್ಧ ಜಲವರ್ಣಕಾರನೇ ಚಿತ್ರಕಲೆಯ ಉಪಾಧ್ಯಾಯನಾಗಿದ್ದನು. ನೆಲವನ್ನು ನೋಡಿ ಬರೆದುಕೊಳ್ಳುವುದು ಅಂದಿನ ಸೇನಾಧಿಕಾರಿಯ ವಿದ್ಯೆಗಳಲ್ಲೊಂದು. ಮೈಸೂರು ಯುದ್ಧಗಳ ಕಾಲದಲ್ಲಿ ನಮ್ಮ ನಾಡಿನ ಕೋಟೆ ಕೊತ್ತಲಗಳನ್ನೂ ಬೆಟ್ಟಗಳನ್ನೂ ಬರೆದ ರಾಬರ್ಟ್ ಹೈಡ್ ಕೋಲ್‌ಬ್ರುಕ್, ಜೇಮ್ಸ್ ಹಂಟರ್ ಮೊದಲಾದವರು ವೃತ್ತಿಯಿಂದ ಸೈನಿಕರು. ಅವರ ನೋಟಗಳು ಲಂಡನ್ನಿನಲ್ಲಿ ಮುದ್ರಿತವಾದುವು. ಶ್ರೀರಂಗಪಟ್ಟಣ, ಬೆಂಗಳೂರುಗಳ ಅಂದಿನ ರೂಪವನ್ನು ತಿಳಿಯಲು ನಾವು ಇಂದಿಗೂ ಇಂತಹ ಚಿತ್ರಗಳನ್ನು ನೋಡುತ್ತೇವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರು ಜಪಾನೀ ಕಲಾವಿದರ ಸಂಪರ್ಕದಿಂದ ಜಲವರ್ಣಕ್ಕೆ ಬೇರೊಂದು ತಿರುವನ್ನು ಕೊಟ್ಟರು. ಬಣ್ಣ ಹಚ್ಚಿ ಒಣಗಿಸಿದ ಕಾಗದವನ್ನು ನೀರಿನಲ್ಲಿ ಅದ್ದಿ, ಸಡಿಲವಾದ ಬಣ್ಣ ತೊಳೆದುಹೋದ ಮೇಲೆ ಮತ್ತೆ ಬಣ್ಣ ಹಚ್ಚುವುದು ಈ ವಾಷ್ ಪದ್ಧತಿಯ ಜೀವಾಳ. ಅವರ ಶಿಷ್ಯರಲ್ಲಿ ನಮ್ಮ ಕೆ. ವೆಂಕಟಪ್ಪನವರೂ (1886-1965) ಒಬ್ಬರು. ಅವರು ಬರೆದ ಊಟಿ ಮತ್ತು ಕೊಡೈಕೆನಾಲ್ ನೋಟಗಳು ಜಲವರ್ಣದಲ್ಲಿ ನಮ್ಮ ನಾಡು ಸಾಧಿಸಿದ ಉನ್ನತಿಗೆ ನಿದರ್ಶನಗಳಾಗಿವೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ವಾಷ್ ಪದ್ಧತಿಯು ಗೋಂದು ಮತ್ತೆ ಕರಗುತ್ತದೆಂಬ ಗುಣವನ್ನೇ ನಂಬಿದೆ. ಒಣಗಿದ ಆಕ್ರಿಲಿಕ್ ಚಿತ್ರವನ್ನು ನೀರಿನಲ್ಲಿ ಅದ್ದಿದರೆ ಬಣ್ಣ ಕದಲುವುದೇ ಇಲ್ಲ. ಒಂದು ಶೈಲಿಯ ಬೇರು ಅದರ ಬಂಧಕದಲ್ಲಿ ಹೇಗೆ ಇರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಆಕ್ರಿಲಿಕ್ಕಿನ ಉಗಮ

ಆಕ್ರಿಲಿಕ್ಕಿನ ಕಥೆ ಚಿತ್ರಶಾಲೆಯಲ್ಲಿ ಮೊದಲಾಗಲಿಲ್ಲ. 1901ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯಕ್ಕೆ ಓಟೋ ರೋಮ್ ಎಂಬ ವಿದ್ಯಾರ್ಥಿಯು ಆಕ್ರಿಲಿಕ್ ಆಮ್ಲದಿಂದ ದೊರೆಯುವ ಪದಾರ್ಥಗಳನ್ನು ಕುರಿತು ಪ್ರಬಂಧವನ್ನು ಸಲ್ಲಿಸಿದನು. 1907ರಲ್ಲಿ ಆತನು ಓಟೋ ಹಾಸ್ ಎಂಬುವನೊಡನೆ ಉದ್ಯಮವನ್ನು ಹೂಡಿದನು. ಆಕ್ರಿಲಿಕ್ ರಾಳಗಳು ಮೊದಲು ಕೈಗಾರಿಕೆಗೂ, 1933ರ ತರುವಾಯ ಪ್ಲೆಕ್ಸಿಗ್ಲಾಸ್ ಎಂಬ ಒಡೆಯದ ಗಾಜಿನ ರೂಪದಲ್ಲಿ ವಿಮಾನಗಳಿಗೂ ಬಳಕೆಯಾದುವು.

ಇತ್ತ ಮೆಕ್ಸಿಕೋ ದೇಶದ ಭಿತ್ತಿಚಿತ್ರಕಾರರು ಬಿಸಿಲು ಮಳೆಗಳನ್ನು ತಾಳುವ ಬಣ್ಣಗಳನ್ನು ಹುಡುಕುತ್ತಿದ್ದರು. ಅವರಲ್ಲಿ ಪ್ರಮುಖನಾದ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರಯೋಗಶಾಲೆಯನ್ನು ನಡೆಸಿ ಮೋಟಾರು ಗಾಡಿಗಳಿಗೆ ಬಳಿಯುವ ಬಣ್ಣಗಳನ್ನು ಸಹ ಪರೀಕ್ಷಿಸಿದನು. ಕಲಾವಿದರಿಗೆಂದೇ ತಯಾರಾದ ಮೊದಲ ಆಕ್ರಿಲಿಕ್ ಬಣ್ಣವು 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಲೆನರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ ಎಂಬವರಿಂದ ಬಂದಿತು. ಮ್ಯಾಗ್ನಾ ಎಂಬ ಹೆಸರಿನ ಈ ಬಣ್ಣವು ಟರ್ಪೆಂಟೈನಿನಲ್ಲಿ ಕರಗುವಂತಹುದು. ನೀರಿಗೂ ಅದಕ್ಕೂ ಸಂಬಂಧವಿರಲಿಲ್ಲ. ನೀರಿನಲ್ಲಿ ಹರಡಿದ ಆಕ್ರಿಲಿಕ್ ರಾಳವನ್ನು 1953ರಲ್ಲಿ ರೋಮ್ ಅಂಡ್ ಹಾಸ್ ಸಂಸ್ಥೆಯು ಮನೆಯ ಗೋಡೆಗಳ ಬಣ್ಣಕ್ಕಾಗಿ ಮಾರಾಟಕ್ಕೆ ತಂದಿತು. ಅದನ್ನು ಆಧಾರವಾಗಿಟ್ಟುಕೊಂಡು ಆ ದಶಕದ ಮಧ್ಯಭಾಗದಲ್ಲಿ ಹೆನ್ರಿ ಲೆವಿಸನ್ ಎಂಬಾತನು ಲಿಕ್ವಿಟೆಕ್ಸ್ ಎಂಬ ಚಿತ್ರಬಣ್ಣವನ್ನು ಹೊರತಂದನು. ಇಂಗ್ಲೆಂಡಿನಲ್ಲಿ ರೌನಿ ಸಂಸ್ಥೆಯ ಕ್ರೈಲಾ 1963ರಲ್ಲಿ ಬಂದಿತು. ಗೋಡೆಯ ಬಣ್ಣದ ಬಂಧುವೊಂದು ಹೀಗೆ ಕಲಾವಿದನ ಕೊಳವೆಯನ್ನು ಸೇರಿತು.

ಹೊಸ ದ್ರವ್ಯಕ್ಕೆ ತಕ್ಕ ರೀತಿಯನ್ನು ಕಂಡುಕೊಂಡವರಲ್ಲಿ ಡೇವಿಡ್ ಹಾಕ್ನಿಯ ಹೆಸರನ್ನು ಉದಾಹರಿಸಬಹುದು. ಆತನು 1967ರಲ್ಲಿ ಬರೆದ, ಸುಮಾರು 8 ಅಡಿ ಚೌಕದ ‘ಎ ಬಿಗ್ಗರ್ ಸ್ಪ್ಲಾಷ್’ ಎಂಬ ಈಜುಕೊಳದ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆಕಾಶ, ಗೋಡೆ, ನೀರು ಎಲ್ಲವೂ ಅಲ್ಲಿ ಏರಿಳಿತವಿಲ್ಲದ ಸಮತಲಗಳು. ಅವನ್ನು ಹೆಚ್ಚಾಗಿ ರೋಲರಿನಿಂದ ಬಳಿಯಲಾಗಿದೆ. ಕ್ಷಣಮಾತ್ರ ಇರುವ ನೀರಿನ ಚಿಮ್ಮುವಿಕೆಯನ್ನು ಮಾತ್ರ ಸಣ್ಣ ಕುಂಚಗಳಿಂದ ಸುಮಾರು ಎರಡು ವಾರ ಕುಳಿತು ಬರೆದನು. ಬೇಗ ಒಣಗಿ ಅಲುಗದೆ ನಿಲ್ಲುವ ಗುಣವನ್ನು ದೋಷವೆಂದು ಭಾವಿಸದೆ ಅದರ ಮೇಲೆಯೇ ಚಿತ್ರವನ್ನು ಕಟ್ಟಿದುದು ಇಲ್ಲಿಯ ವಿಶೇಷ.

5. ಬದಲಾಗಬೇಕಾದ ಅಭ್ಯಾಸಗಳು

ಮೇಲೆ ಹೇಳಿದ ಒಂದು ಗುಣದಿಂದ ಹವ್ಯಾಸಿಯ ನಿತ್ಯಾಭ್ಯಾಸದಲ್ಲಿ ಆಗುವ ಬದಲಾವಣೆಗಳನ್ನು ಈಗ ಒಂದೊಂದಾಗಿ ವಿಚಾರಿಸಬಹುದು.

(ಅ) ಬಿಳುಪು. ಜಲವರ್ಣದಲ್ಲಿ ಬಿಳುಪೆಂದರೆ ಬಿಟ್ಟ ಜಾಗ. ಎಲ್ಲಿ ಬೆಳಕು ಬೀಳುವುದೆಂಬುದನ್ನು ಮೊದಲೇ ನಿರ್ಧರಿಸಿ ಅಲ್ಲಿ ಕುಂಚವನ್ನು ತಡೆಯಬೇಕು. ಆದುದರಿಂದ ತಿಳಿಯಿಂದ ಗಾಢಕ್ಕೆ ಸಾಗುವುದು ಅಲ್ಲಿಯ ಕ್ರಮ. ಆಕ್ರಿಲಿಕ್ಕಿನಲ್ಲಿ ಟೈಟಾನಿಯಂ ಬಿಳಿ ಕೈಯಲ್ಲಿದೆ; ಗಾಢದ ಮೇಲೆ ತಿಳಿಯನ್ನು ಇಡಬಹುದು. ಬೆಳಕನ್ನು ಕೊನೆಯಲ್ಲಿ ತರಬಹುದಾದುದರಿಂದ ಚಿತ್ರದ ವಿಚಾರವೇ ಹಿಂದುಮುಂದಾಗುತ್ತದೆ. ಹೊಸಬರು ಈ ಸ್ವಾತಂತ್ರ್ಯದಿಂದ ಮರುಳಾಗಿ ಪ್ರತಿಯೊಂದು ಬಣ್ಣಕ್ಕೂ ಬಿಳಿಯನ್ನು ಬೆರೆಸಿದರೆ ಚಿತ್ರವೆಲ್ಲ ಸುಣ್ಣ ಬಳಿದಂತೆ ಮಂಕಾಗುತ್ತದೆ.

(ಆ) ಒಣಗಿದ ಮೇಲಿನ ಛಾಯೆ. ಜಲವರ್ಣವು ಒಣಗಿದಾಗ ತಿಳಿಯಾಗುತ್ತದೆ; ಅಭ್ಯಾಸಿಯ ಕೈ ಅದನ್ನು ಎಣಿಸಿ ಒಂದು ಪಟ್ಟು ಗಾಢವಾಗಿಯೇ ಹಚ್ಚುತ್ತದೆ. ಆಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ. ಹಸಿಯಾಗಿರುವಾಗ ಬಂಧಕವು ಹಾಲಿನಂತೆ ಬೆಳ್ಳಗಿದ್ದು, ಆರಿದ ಮೇಲೆ ತಿಳಿಯಾದ ಪೊರೆಯಾಗುವುದರಿಂದ ಅದರ ಬೆಳ್ಳನೆಯ ಪಾಲು ಮಾಯವಾಗುತ್ತದೆ. ಹಳೆಯ ಎಣಿಕೆಯನ್ನೇ ಇಟ್ಟುಕೊಂಡವನ ಚಿತ್ರ ಎರಡು ಪಟ್ಟು ಕಪ್ಪಾಗುವುದು ಸಹಜ. ಒಂದು ತುಂಡು ಕಾಗದದ ಮೇಲೆ ಬಣ್ಣವನ್ನು ಹಚ್ಚಿ, ಒಣಗಿಸಿ ನೋಡಿಕೊಳ್ಳುವುದು ಇದಕ್ಕೆ ಸುಲಭವಾದ ಪರಿಹಾರ.

(ಇ) ಕಾಲ. ಜಲವರ್ಣದಲ್ಲಿ ಅಂಚು ಗಟ್ಟಿಯಾದರೆ ಒದ್ದೆ ಕುಂಚದಿಂದ ಮೆದುಮಾಡಬಹುದು. ಆಕ್ರಿಲಿಕ್ಕಿನ ತೆಳುವಾದ ಲೇಪ ಕೆಲವೇ ನಿಮಿಷಗಳಲ್ಲಿ ಪೊರೆಗಟ್ಟುತ್ತದೆ. ಆಗ ಹಳೆಯ ಅಭ್ಯಾಸದಿಂದ ಅದನ್ನು ಒದ್ದೆ ಕುಂಚದಿಂದ ತಿದ್ದ ಹೊರಟರೆ ಅರೆಬರೆ ಆದ ಪೊರೆ ಹರಿದು ಗಂಟುಗಂಟಾಗುತ್ತದೆ. ಕೆಸರಾಯಿತೆಂದು ಹೇಳುವ ಚಿತ್ರಗಳಲ್ಲಿ ಬಹುಪಾಲು ಹೀಗೆ ಆದುವು. ಅರೆ ಒಣಗಿದುದನ್ನು ಮುಟ್ಟದೆ ಪೂರ್ತಿ ಒಣಗಲು ಬಿಟ್ಟು ಅದರ ಮೇಲೆ ಮತ್ತೊಂದು ಲೇಪವನ್ನು ಕೊಡಬೇಕು. ಆಕಾಶದಂತಹ ವಿಶಾಲ ಪ್ರದೇಶಗಳಿಗೆ ಬಣ್ಣವನ್ನು ಮೊದಲೇ ಸಾಕಷ್ಟು ಕಲಸಿಟ್ಟುಕೊಂಡು, ದೊಡ್ಡ ಕುಂಚದಿಂದ, ನೆಲವನ್ನು ತುಸು ಒದ್ದೆಮಾಡಿ ಬೇಗ ಮುಗಿಸಬೇಕು. ಒಣಗುವುದನ್ನು ತಡಮಾಡುವ ದ್ರವಗಳೂ ಅಂಗಡಿಗಳಲ್ಲಿ ದೊರೆಯುತ್ತವೆ.

(ಈ) ತಿದ್ದುಪಾಟು. ಜಲವರ್ಣದಲ್ಲಿ ತಿದ್ದುವುದೆಂದರೆ ಬಣ್ಣವನ್ನು ಎತ್ತುವುದು. ಕಾಗದ ತಾಳುವಷ್ಟು ಮಾತ್ರ ಅದು ಸಾಧ್ಯ. ಆಕ್ರಿಲಿಕ್ಕಿನಲ್ಲಿ ತಿದ್ದುವುದೆಂದರೆ ಮುಚ್ಚುವುದು. ಎಷ್ಟು ಸಲ ಬೇಕಾದರೂ ಮುಚ್ಚಬಹುದು. ಕೆಳಗಿನ ಲೇಪ ಕದಲದೆ ಇರುವುದರಿಂದ ಪಾರದರ್ಶಕ ಲೇಪಗಳನ್ನು ಒಂದರ ಮೇಲೊಂದು ಕೊಟ್ಟರೂ ಬಣ್ಣ ಕಲಕುವುದಿಲ್ಲ. ಜಲವರ್ಣದಲ್ಲಿ ಮೂರು ನಾಲ್ಕು ಲೇಪಗಳಿಗೇ ಎಚ್ಚರ ಬೇಕು. ಇಲ್ಲಿ ಹತ್ತು ಲೇಪಗಳಿಗೂ ಅಡ್ಡಿಯಿಲ್ಲ. ಜಲವರ್ಣದಿಂದ ಬಂದವರಿಗೆ ಆಕ್ರಿಲಿಕ್ ನೀಡುವ ದೊಡ್ಡ ಲಾಭ ಇದೇ ಎಂದು ನಾವು ಭಾವಿಸುತ್ತೇವೆ.

(ಉ) ನೀರಿನ ಅಳತೆ. ಜಲವರ್ಣಕಾರನು ಬಣ್ಣವನ್ನು ತೆಳುಮಾಡಲು ನೀರನ್ನೇ ನಂಬುತ್ತಾನೆ. ಆಕ್ರಿಲಿಕ್ಕಿಗೆ ಅತಿಯಾಗಿ ನೀರು ಬೆರೆಸಿದರೆ ಬಂಧಕವೂ ತೆಳುವಾಗಿ ಹಿಡಿತ ಕುಗ್ಗುತ್ತದೆ. ಕಾಗದದಂತಹ ಹೀರುವ ನೆಲದ ಮೇಲೆ ಇದರಿಂದ ಹೆಚ್ಚು ಬಾಧೆಯಿಲ್ಲ; ನುಣುಪಾದ, ಹೀರದ ನೆಲದ ಮೇಲಾದರೆ ಬಣ್ಣ ಉಜ್ಜಿದರೆ ಬರುವಂತಾಗುತ್ತದೆ. ಪಾರದರ್ಶಕ ಲೇಪ ಬೇಕಾದಾಗ ನೀರಿನ ಜೊತೆಗೆ ಮೀಡಿಯಂ ಎಂದು ಮಾರುವ ಬಣ್ಣವಿಲ್ಲದ ಬಂಧಕವನ್ನೂ ಸೇರಿಸಬೇಕು.

(ಊ) ಉಪಕರಣಗಳು. ಜಲವರ್ಣದ ಬೆಲೆಬಾಳುವ ಕೂದಲಿನ ಕುಂಚಗಳನ್ನು ಆಕ್ರಿಲಿಕ್ಕಿಗೆ ಇಳಿಸಬಾರದು. ಬುಡದಲ್ಲಿ ಒಮ್ಮೆ ಒಣಗಿದ ರಾಳ ನೀರಿಗೆ ಬಿಡದು. ನೈಲಾನ್ ಕುಂಚಗಳೇ ಯೋಗ್ಯ. ಕೆಲಸದ ನಡುವೆ ಅವನ್ನು ಒಣಗಗೊಡದೆ, ಮುಗಿದೊಡನೆ ಸಾಬೂನಿನಿಂದ ತೊಳೆಯಬೇಕು. ತೊಳೆಯುವ ಮೊದಲು ಕುಂಚದ ಬಣ್ಣವನ್ನು ಚಿಂದಿ ಬಟ್ಟೆಗೆ ಚೆನ್ನಾಗಿ ಒರಸುವುದು ಒಳ್ಳೆಯದು; ಈ ರಾಳ ಒಂದು ಬಗೆಯ ಪ್ಲಾಸ್ಟಿಕ್ ಆದುದರಿಂದ ಚರಂಡಿಗೆ ಹೋಗುವುದು ಎಷ್ಟು ಕಡಿಮೆಯಾದರೆ ಅಷ್ಟು ಮೇಲು. ಬಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಿಂಡಿಕೊಳ್ಳಬೇಕು. ಒಣಗಿ ಉಳಿದ ಜಲವರ್ಣ ನಾಳೆಗೆ ಆಗುತ್ತದೆ. ಒಣಗಿ ಉಳಿದ ಆಕ್ರಿಲಿಕ್ ನಷ್ಟವೇ ಸರಿ.

(ಋ) ಬಣ್ಣದ ಹೆಸರುಗಳು. ಎರಡು ಮಾಧ್ಯಮಗಳಲ್ಲಿ ಹೆಸರು ಒಂದೇ ಆಗಿದ್ದ ಮಾತ್ರಕ್ಕೆ ಬಣ್ಣ ಒಂದೇ ಎಂದು ತಿಳಿಯಬಾರದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿಯು ಜಲವರ್ಣಕಾರರಿಗೆ ಚಿರಪರಿಚಿತ. ಅದು ಕ್ಷಾರವನ್ನು ತಾಳದು. ಆಕ್ರಿಲಿಕ್ ಬಂಧಕವಾದರೋ ಕ್ಷಾರಗುಣವುಳ್ಳದ್ದು. ಆದಕಾರಣ ಆಕ್ರಿಲಿಕ್ಕಿನಲ್ಲಿ ಆ ಹೆಸರಿನಿಂದ ದೊರೆಯುವುದು ಸಾಮಾನ್ಯವಾಗಿ ಬೇರೆ ವರ್ಣದ್ರವ್ಯಗಳ ಮಿಶ್ರಣ. ಕೊಳವೆಯ ಮೇಲೆ ಮುದ್ರಿತವಾದ ವರ್ಣದ್ರವ್ಯದ ಸಂಕೇತವನ್ನು, ಉದಾಹರಣೆಗೆ ಅಲ್ಟ್ರಾಮರೀನಿಗೆ ಪಿ.ಬಿ. 29 ಎಂಬುದನ್ನು, ಓದುವ ರೂಢಿ ಮಾಡಿಕೊಳ್ಳಬೇಕು.

6. ಮೊದಲ ಪಾಠಗಳು

ಮಾಧ್ಯಮವನ್ನು ಬದಲಿಸುವವರು ಕುಂಚ, ನೆಲ, ವಿಷಯ ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುತ್ತಾರೆ. ಚಿತ್ರ ಕೆಟ್ಟಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಯುಕ್ತ. ಕ್ಯಾನ್ವಾಸಿಗೆ ಹೋಗುವ ಮೊದಲು, ಪರಿಚಯವಿರುವ 300 ಗ್ರಾಂ ತೂಕದ ಜಲವರ್ಣದ ಕಾಗದದ ಮೇಲೆಯೇ ಆಕ್ರಿಲಿಕ್ಕನ್ನು ಪ್ರಯೋಗಿಸಬಹುದು. ಹಿಂದೆ ಜಲವರ್ಣದಲ್ಲಿ ಬರೆದಿರುವ ನೋಟವನ್ನೇ ಮತ್ತೆ ಬರೆಯುವುದು ಒಳ್ಳೆಯ ಅಭ್ಯಾಸ. ಎರಡು ನೀಲಿ, ಒಂದು ಹಳದಿ, ಒಂದು ಕೆಂಪು, ಒಂದು ಕಾವಿ, ಒಂದು ಬಿಳಿ, ಇಷ್ಟು ಕೊಳವೆಗಳು ಆರಂಭಕ್ಕೆ ಸಾಕು. ಮೊದಲನೆಯ ಚಿತ್ರವನ್ನು ಬಿಳಿ ಬಳಸದೆ ಪಾರದರ್ಶಕ ಲೇಪಗಳಿಂದ, ಎರಡನೆಯದನ್ನು ಪೂರ್ತಿ ಅಪಾರದರ್ಶಕ ಲೇಪಗಳಿಂದ ಬರೆದು ಪಕ್ಕದಲ್ಲಿಟ್ಟು ನೋಡಿದರೆ, ಹಳೆಯ ವಿದ್ಯೆಯಲ್ಲಿ ಯಾವುದು ಇಲ್ಲಿಯೂ ನಡೆಯುವುದು, ಯಾವುದು ನಡೆಯದು ಎಂಬುದು ತಾನಾಗಿ ಹೊಳೆಯುತ್ತದೆ. ರೇಖೆಯ ಹಿಡಿತ, ನೆರಳು ಬೆಳಕಿನ ತೂಕ, ವಿನ್ಯಾಸದ ಅರಿವು ಇವು ಕಳೆದುಹೋಗುವುದಿಲ್ಲ.

ಅಪಾರದರ್ಶಕ ರೀತಿಯು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಇಬ್ರಾಹಿಂ ಆದಿಲ್ ಶಾಹ II (1580-1627) ಆಳ್ವಿಕೆಯಲ್ಲಿ ಬಿಜಾಪುರದಲ್ಲಿ ರಚಿತವಾದ ಕಿರುಚಿತ್ರಗಳನ್ನೂ ಮೊಗಲ್, ರಾಜಸ್ಥಾನೀ ಕಿರುಚಿತ್ರಗಳನ್ನೂ ನೋಡಿದರೆ ಇದು ವಿದಿತವಾಗುತ್ತದೆ. ಅವುಗಳಲ್ಲಿ ಗೋಂದಿನಲ್ಲಿ ಕಲಸಿದ ಬಣ್ಣವನ್ನು ಮಂದವಾಗಿ, ಪದರಪದರವಾಗಿ ಇಟ್ಟು, ಗಾಢವಾದ ಹಿನ್ನೆಲೆಯ ಮೇಲೆ ಮುತ್ತು, ಜರಿ, ಹೂಗಳನ್ನು ಕೊನೆಯಲ್ಲಿ ತಿಳಿಬಣ್ಣದಿಂದ ಎತ್ತಿ ತೋರಿಸಲಾಗಿದೆ. ಇಂಗ್ಲಿಷ್ ಜಲವರ್ಣದ ಪಾಠದಲ್ಲಿ ಬೆಳೆದ ಹವ್ಯಾಸಿಯು ಆಕ್ರಿಲಿಕ್ಕಿನ ಕ್ರಮವನ್ನು ಅರಿಯಲು ಈ ಚಿತ್ರಗಳನ್ನು ಪರಿಶೀಲಿಸಿದರೆ ಪ್ರಯೋಜನವಿದೆ. ಬಂಧಕ ಬೇರೆಯಾದರೂ ಪದರಗಳ ಯೋಚನೆ ಹತ್ತಿರದ್ದು.

7. ಹವೆ ಮತ್ತು ಬಾಳಿಕೆ

ನಮ್ಮ ನಾಡಿನ ಹವೆ ಎಲ್ಲೆಡೆ ಒಂದೇ ಆಗಿಲ್ಲ. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಆಕ್ರಿಲಿಕ್ ಫಲಕದ ಮೇಲೆಯೇ ಒಣಗಿಹೋಗುತ್ತದೆ. ಅಲ್ಲಿ ಬಣ್ಣದ ಕೆಳಗೆ ಒದ್ದೆ ಬಟ್ಟೆಯನ್ನೂ ಅದರ ಮೇಲೆ ತೆಳು ಕಾಗದವನ್ನೂ ಹಾಸುವುದು ಅವಶ್ಯ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಜಲವರ್ಣದ ಲೇಪ ಆರಲು ಬಹಳ ಹೊತ್ತು ಕಾಯಬೇಕು, ಕಾಗದಕ್ಕೆ ಬೂಸಲು ಹಿಡಿಯುವ ಭಯವೂ ಇದೆ. ಆಕ್ರಿಲಿಕ್ಕಿಗಾದರೋ ಆ ಹವೆಯಲ್ಲಿ ಕೈಯಾಡಿಸಲು ಹೆಚ್ಚು ಅವಕಾಶ ದೊರೆಯುತ್ತದೆ.

ಆದರೆ ಆಕ್ರಿಲಿಕ್ ಚಿತ್ರಕ್ಕೆ ಏನೂ ಆಗದೆಂಬ ಮಾತು ನಿಜವಲ್ಲ. ಅದರ ಪೊರೆ ಬಿಸಿಲಿನ ದಿನಗಳಲ್ಲಿ ಮೆತ್ತಗಾಗಿ ಧೂಳನ್ನು ಹಿಡಿಯುತ್ತದೆ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಸೇರಿಸಿ ಕಟ್ಟಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಎರಡೂ ಹಾಳಾಗಬಹುದು. ಮದ್ಯಸಾರವೂ ಅದನ್ನು ಕೆಡಿಸುತ್ತದೆ. ಜಲವರ್ಣಕ್ಕೆ ಗಾಜಿನ ಕಟ್ಟು ಬೇಕು, ನೇರ ಬಿಸಿಲು ಕೂಡದು. ಅಲಿಜರಿನ್ ಕೆಂಪಿನಂತಹ ಬಣ್ಣ ತೆಳುವಾದ ಲೇಪದಲ್ಲಿ ಕೆಲವು ವರ್ಷಗಳಲ್ಲಿಯೇ ಮಾಸುತ್ತದೆ.

8. ಉಪಸಂಹಾರ

ಬಂಧಕದ ಅರಿವು ಚಿತ್ರಕಾರನಿಗೆ ಎಷ್ಟು ಬೇಕೋ ಇತಿಹಾಸದ ವಿದ್ಯಾರ್ಥಿಗೂ ಅಷ್ಟು ಬೇಕು. ಬರೆದಾಗಿನ ಬಣ್ಣವೇ ನೀರಿನ ಆಕ್ರಿಲಿಕ್ ಆಗಿದ್ದರೆ ಆ ಚಿತ್ರ 1950ರ ದಶಕಕ್ಕಿಂತ ಹಿಂದಿನದಾಗಿರಲಾರದು. ಹಿಂದಿನದೆಂದು ಹೇಳುವ ಚಿತ್ರದಲ್ಲಿ ಅದು ಕಂಡುಬಂದರೆ, ಒಂದೋ ಅದು ಈಚಿನದು, ಇಲ್ಲವೇ ಈಚೆಗೆ ಯಾರೋ ಅದನ್ನು ತಿದ್ದಿದ್ದಾರೆ. ಹಳೆಯ ಮನೆಗಳಲ್ಲಿ ದೊರೆಯುವ ಚಿತ್ರಗಳನ್ನು ಪರಿಶೀಲಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು. ಜಲವರ್ಣವೋ ಅಲ್ಲವೋ ತಿಳಿಯದ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರಸಿ ನೋಡುವ ಸಾಹಸವನ್ನು ಎಂದಿಗೂ ಮಾಡಬಾರದು. ಜಲವರ್ಣವಾಗಿದ್ದರೆ ಉತ್ತರವೇನೋ ದೊರೆಯುತ್ತದೆ, ಚಿತ್ರ ಉಳಿಯುವುದಿಲ್ಲ.

ಇಂದು ಹವ್ಯಾಸಕ್ಕಾಗಿ ಬರೆದ ಊರಿನ ಕೆರೆಯ, ಕಾಲೇಜಿನ ಕಟ್ಟಡದ ಚಿತ್ರವು ಐವತ್ತು ವರ್ಷಗಳ ಮೇಲೆ ಆ ಸ್ಥಳದ ಏಕೈಕ ಸಾಕ್ಷಿಯಾಗಿ ಉಳಿಯುವ ಸಂಭವವುಂಟು. ಶ್ರೀರಂಗಪಟ್ಟಣವನ್ನು ಬರೆದ ಸೈನಿಕರೂ ತಮ್ಮ ಚಿತ್ರಗಳಿಂದ ನಾವು ಪಡೆಯುವ ಪ್ರಯೋಜನವನ್ನು ಊಹಿಸಿರಲಿಕ್ಕಿಲ್ಲ. ಆದುದರಿಂದ ಪ್ರತಿಯೊಬ್ಬ ಹವ್ಯಾಸಿಯೂ ಚಿತ್ರದ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ನಾಲ್ಕು ವಿಷಯಗಳನ್ನು ಬರೆದಿಡಬೇಕೆಂಬುದು ನಮ್ಮ ಸೂಚನೆ: ಸ್ಥಳ, ತಾರೀಖು, ಮಾಧ್ಯಮ, ಮತ್ತು ನೆಲಕ್ಕೆ ಏನನ್ನು ಬಳಿದಿದೆ ಎಂಬುದು. ಕ್ಯಾನ್ವಾಸಾದರೆ ಚೌಕಟ್ಟಿನ ಮರದ ಮೇಲೆ ಬರೆದರೂ ಆಯಿತು. ಅದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಮುಂದೆ ಆ ಚಿತ್ರವನ್ನು ಕಾಪಾಡುವವರಿಗೂ ಓದುವವರಿಗೂ ಅಷ್ಟೇ ಮೊದಲ ಆಧಾರವಾಗುತ್ತದೆ.